ಕೈಯಾರೆ ಕೊರೆದ ಪೆಟ್ಟಿಗೆ: ಬಾಲದ ಸಂದು, ಮಳೆಗಾಲದ ಮುಚ್ಚಳ

ಮೊಳೆ ಹೊಡೆಯದೆ, ಡವ್‌ಟೇಲ್ ಕೊರೆದು ಸಣ್ಣ ಅಲಂಕಾರದ ಪೆಟ್ಟಿಗೆ ಮಾಡುವ ಕ್ರಮವನ್ನು ಕಳೆದ ಸಲ ಬರೆದಿದ್ದೆ. ಒಂದು ಹಲಗೆಯ ಕೊನೆಯಲ್ಲಿ ತುದಿಗೆ ಹೋದಂತೆ ಅಗಲವಾಗುವ ಹಲ್ಲುಗಳು, ಇವು ಬಾಲ. ಇನ್ನೊಂದು ಹಲಗೆಯಲ್ಲಿ ಆ ಬಾಲಗಳ ನಡುವೆ ಬಂದು ಕೂರುವ ಹಲ್ಲುಗಳು, ಇವು ಗೂಟ. ಓದಿ ಸುಮ್ಮನಾಗುತ್ತೀರಿ ಎಂದುಕೊಂಡಿದ್ದೆ. ಹಲವರು ಮಾಡಿಯೇ ನೋಡಿದ್ದೀರಿ, ಕೆಟ್ಟದ್ದರ ಚಿತ್ರವನ್ನೂ ಕಳುಹಿಸಿದ್ದೀರಿ. ಚೆನ್ನಾಗಿ ಬಂದದ್ದಕ್ಕಿಂತ ಕೆಟ್ಟದ್ದರ ಚಿತ್ರದಿಂದಲೇ ನನಗೆ ಹೆಚ್ಚು ಉಪಯೋಗ.

ಪ್ರಶ್ನೆ: ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ಮರಗೆಲಸ ಕಲಿಯುತ್ತಿದ್ದೇನೆ. ಅಮ್ಮನ ಬೆಳ್ಳಿಯ ಕುಂಕುಮದ ಭರಣಿ ಇಡಲು 12 ಮಿಲಿಮೀಟರ್ ದಪ್ಪದ ಸಾಗುವಾನಿ ಹಲಗೆಯಲ್ಲಿ ಪೆಟ್ಟಿಗೆ ಮಾಡುತ್ತಿದ್ದೇನೆ. ಮೂರು ಸಲ ಡವ್‌ಟೇಲ್ ಕೊರೆದೆ, ಮೂರು ಸಲವೂ ಸಂದು ಬಿತ್ತು. ಒಂದು ಕಡೆ ಬಿಗಿ, ಇನ್ನೊಂದು ಕಡೆ ಉಗುರು ತೂರುವಷ್ಟು ಸಡಿಲು. ಗರಗಸ ಬದಲಿಸಬೇಕೇ? ಸಂದಿಗೆ ಫೆವಿಕಾಲ್ ಮತ್ತು ಮರದ ಪುಡಿ ಕಲಸಿ ತುಂಬಿದರೆ ನಡೆಯುತ್ತದೆಯೇ?
— ಡೊಂಬಿವಲಿಯ ಓದುಗರು

ಗರಗಸದ ತಪ್ಪಿಲ್ಲ, ಅಮ್ಮಾ. ನೀವು ಕಳುಹಿಸಿದ ಚಿತ್ರದಲ್ಲಿ ಎರಡೂ ಹಲಗೆಗಳ ಮೇಲೆ ಪೆನ್ಸಿಲ್ ಗೆರೆ ಕಾಣುತ್ತಿದೆ. ರೋಗ ಅಲ್ಲಿದೆ. ಪೆನ್ಸಿಲ್ ಗೆರೆಗೂ ಒಂದು ದಪ್ಪವಿದೆ, ಮೊನೆ ಸವೆದಂತೆ ಅದು ಅರ್ಧ ಮಿಲಿಮೀಟರಿಗೆ ಹೋಗುತ್ತದೆ. ಒಂದು ಗೆರೆಯನ್ನು ಎಡಕ್ಕೆ ಬಿಟ್ಟು ಕೊಯ್ದಿರಿ, ಇನ್ನೊಂದನ್ನು ಬಲಕ್ಕೆ. ಬಾಲ ಐದಿದ್ದರೆ ಗೆರೆ ಹತ್ತು. ಉಗುರು ತೂರುವ ಸಂದು ಹೀಗೆ ಕೂಡಿಸಿದ ಲೆಕ್ಕ. ಲೆಕ್ಕ ನಿಮಗೆ ನಾನು ಹೇಳಿಕೊಡಬೇಕಿಲ್ಲ.

ಪೆನ್ಸಿಲ್ ಪಕ್ಕಕ್ಕಿಟ್ಟು ಹರಿತವಾದ ಚೂರಿ ಹಿಡಿಯಿರಿ. ಚೂರಿ ಗೆರೆ ಎಳೆಯುವುದಿಲ್ಲ, ಎಳೆಗಳನ್ನೇ ಕತ್ತರಿಸಿ ಸಣ್ಣ ಕಾಲುವೆ ತೋಡುತ್ತದೆ. ಆಮೇಲೆ ಉಳಿಯ ಬಾಯಿ ಆ ಕಾಲುವೆಯಲ್ಲಿ ಕ್ಲಿಕ್ ಎಂದು ಕೂರುತ್ತದೆ. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ತಿಳಿಯುತ್ತದೆ. ಅರವತ್ತು ದಾಟಿದವರಿಗೆ ಇದು ವರ, ನನಗಂತೂ ಹೌದು.

ಬಾಲವನ್ನು ಮೊದಲು ಕೊರೆಯಿರಿ. ಬಾಲದ ಮಗ್ಗುಲು ಎಷ್ಟು ಓರೆಯಿರಬೇಕು ಎಂಬುದಕ್ಕೆ, ಗಟ್ಟಿ ಮರವಾದರೆ ಎಂಟು ಅಳತೆ ಉದ್ದಕ್ಕೆ ಒಂದು ಅಳತೆ, ಮೆದು ಮರವಾದರೆ ಆರಕ್ಕೆ ಒಂದು ಎಂದು ಲೆಕ್ಕ ಹೇಳುತ್ತಾರೆ. ಅದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಒಂದು ಬಾಲ ಸ್ವಲ್ಪ ಅಗಲ, ಇನ್ನೊಂದು ಸ್ವಲ್ಪ ಕಿರಿದು ಆದರೂ ಜೋಡಣೆ ಕೆಡುವುದಿಲ್ಲ. ಗೂಟಗಳನ್ನು ಆ ಬಾಲಗಳನ್ನೇ ನೋಡಿ ನಕಲು ಮಾಡುತ್ತೇವಲ್ಲ. ಒಂದೇ ಒಂದು ವಿಷಯದಲ್ಲಿ ರಿಯಾಯಿತಿ ಇಲ್ಲ: ಗರಗಸ ಹಲಗೆಯ ದಪ್ಪಕ್ಕೆ ನೇರವಾಗಿ ಇಳಿಯಬೇಕು. ಗುಣ್ಯಾ, ಅಂದರೆ ಮೂಲೆಮಟ್ಟ, ಇಟ್ಟು ನೋಡಿ. ಮುಂದೆ ಸರಿಯಿದ್ದು ಹಿಂದೆ ವಾಲಿದರೆ ನೀವು ಹೇಳಿದ ‘ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲು’ ಹುಟ್ಟುವುದು ಅಲ್ಲೇ.

ಇನ್ನು ನಕಲು. ಗೂಟ ಕೊರೆಯಬೇಕಾದ ಹಲಗೆಯನ್ನು ಬಿಗಿ ಹಿಡಿಯುವ ವೈಸ್‌ನಲ್ಲಿ ನೆಟ್ಟಗೆ ನಿಲ್ಲಿಸಿ. ಅದರ ತಲೆಯ ಮೇಲೆ ಬಾಲದ ಹಲಗೆಯನ್ನು ಮಲಗಿಸಿ, ಹಿಂದಿನ ತುದಿಗೆ ಆಸರೆಯಾಗಿ, ಹಲಗೆ ನಯ ಮಾಡುವ ಹತ್ತರಿಯನ್ನು ಮಗ್ಗುಲಾಗಿಡಿ. ಹತ್ತರಿ ಇಲ್ಲದವರು ಅಂಗಡಿಯಲ್ಲಿ ರಂಧಾ ಎಂದು ಕೇಳಿ. ಎಡಗೈಯಿಂದ ಮೈಭಾರ ಬಿಟ್ಟು ಅದುಮಿ ಹಿಡಿದು, ಬಲಗೈಯ ಚೂರಿಯನ್ನು ಬಾಲದ ಮಗ್ಗುಲಿಗೆ ಒತ್ತಿ ಗೀರಿ. ಮೊದಲ ಸಲ ಹಗುರವಾಗಿ, ಎರಡನೆಯ ಸಲ ಬಲವಾಗಿ. ಮೊದಲೇ ಬಲ ಹಾಕಿದರೆ ಚೂರಿ ಸಾಗುವಾನಿಯ ಎಳೆ ಹಿಡಿದು ಓಡುತ್ತದೆ. ಹಲಗೆ ಕೂದಲಷ್ಟು ಅಲುಗಿದರೂ ಎಲ್ಲ ಗೂಟಗಳೂ ಒಟ್ಟಿಗೆ ಒಂದೇ ಕಡೆಗೆ ತಪ್ಪುತ್ತವೆ. ಬಿಸಾಡುವ ಭಾಗಕ್ಕೆಲ್ಲ ಕತ್ತರಿ ಗುರುತು ಹಾಕಿ. ಹಾಕದೆ, ಉಳಿಯಬೇಕಾದ ಗೂಟವನ್ನೇ ಕೊಯ್ದು ಹಾಕಿದವರಲ್ಲಿ ನಾನೂ ಒಬ್ಬ, ಒಮ್ಮೆಯಲ್ಲ.

ಕೊಯ್ಯುವಾಗ ಗರಗಸ ಬಿಸಾಡುವ ಬದಿಯಲ್ಲಿರಲಿ, ಚೂರಿಗೆರೆಯ ಅರ್ಧ ಮರದಲ್ಲೇ ಉಳಿಯಲಿ. ಆಮೇಲೆ ಉಳಿ. ಎಲ್ಲರೂ ಮಾಡುವ ತಪ್ಪು, ಮೊದಲ ಪೆಟ್ಟಿಗೇ ಉಳಿಯನ್ನು ಬುಡದ ಗೆರೆಯ, ಅಂದರೆ ಹಲ್ಲುಗಳ ಬುಡ ಗುರುತಿಸುವ ಗೆರೆಯ, ಮೇಲಿಡುವುದು. ಉಳಿ ಬೆಣೆಯ ಆಕಾರದ್ದು. ಕೊಡತಿಯ ಪೆಟ್ಟು ಬಿದ್ದಾಗ ಅದು ಇಳಿಯುವುದರ ಜೊತೆಗೆ ಹಿಂದಕ್ಕೂ ಸರಿಯುತ್ತದೆ, ಗೆರೆ ದಾಟುತ್ತದೆ. ಗೆರೆಯಿಂದ ಒಂದು ಮಿಲಿಮೀಟರ್ ಈಚೆಗೆ ನಿಂತು ಅರ್ಧ ದಪ್ಪದವರೆಗೆ ತೆಗೆಯಿರಿ, ಹಲಗೆ ಮಗುಚಿ ಇನ್ನೊಂದು ಕಡೆಯಿಂದ ತೆಗೆಯಿರಿ. ಕೊನೆಯ ಆ ಒಂದು ಮಿಲಿಮೀಟರನ್ನು ಮಾತ್ರ ಗೆರೆಯಲ್ಲಿ ಉಳಿ ಕೂರಿಸಿ ಕೈಬಲದಿಂದ ಕೆತ್ತಿ. ಪುಡಿಯಾಗದೆ ಹಪ್ಪಳದಂಥ ಸಿಪ್ಪೆ ಏಳಬೇಕು. ಪುಡಿ ಬಂದರೆ ಉಳಿ ಮೊಂಡಾಗಿದೆ ಎಂದೇ ಅರ್ಥ. ಸಾಗುವಾನಿಯಲ್ಲಿ ಮರಳಿನ ಅಂಶವಾದ ಸಿಲಿಕಾ ಇದೆ, ಯಾವ ಉಕ್ಕನ್ನೂ ಅದು ಬೇಗ ಮೊಂಡು ಮಾಡುತ್ತದೆ. ದಪ್ಪ ಗಾಜಿನ ಮೇಲೆ 400, 1000, 2000 ನಂಬರಿನ ನೀರು ಕಾಗದ (ಒದ್ದೆ ಮಾಡಿ ಉಜ್ಜುವ ಮರಳು ಕಾಗದ) ಅಂಟಿಸಿ, 25 ಡಿಗ್ರಿ ಓರೆಗೆ ಮಸೆದು, ತುದಿಗೆ ಮಾತ್ರ 30 ಡಿಗ್ರಿಯಲ್ಲಿ ನಾಲ್ಕು ಎಳೆತ ಕೊಡಿ. ಒಂದು ಮೂಲೆಗೆ ಒಂದು ಮಸೆತ ಎಂದು ಇಟ್ಟುಕೊಳ್ಳಿ.

ಕೆಳಗಿನ ಮನೆಯವರು ಕೊಡತಿಯ ಸದ್ದಿಗೆ ಬೇಸರ ಮಾಡುತ್ತಾರೆ ಎಂದೂ ಬರೆದಿದ್ದೀರಿ. ಬಿಸಾಡುವ ಭಾಗದ ಹೆಚ್ಚಿನದನ್ನು ತೆಳು ಅಲಗಿನ ಕೋಪಿಂಗ್ ಗರಗಸದಿಂದ ಕೊಯ್ದುಬಿಡಿ, ಉಳಿದದ್ದಕ್ಕೆ ಕೊಡತಿಯೇ ಬೇಡ.

ಪುಡಿ ಕಲಸಿ ತುಂಬುವುದು ಬೇಡ. ಒಣಗಿದ ಅಂಟು ಪಾಲಿಶ್ ಕುಡಿಯುವುದಿಲ್ಲ, ಸಂದು ಇದ್ದ ಕಡೆಯೆಲ್ಲ ಕಲೆ ಎದ್ದು ಕಾಣುತ್ತದೆ. ಅದೇ ಹಲಗೆಯಿಂದ ಕಾಗದದಷ್ಟು ತೆಳ್ಳಗೆ ಬೆಣೆ ಸೀಳಿ, ಎಳೆಯ ದಿಕ್ಕು ಹೊಂದಿಸಿ, ಅಂಟು ಹಚ್ಚಿ ಸಂದಿಗೆ ತಳ್ಳಿ. ಒಣಗಿದ ಮೇಲೆ ಸಮ ಮಾಡಿದರೆ ನಿಮಗೂ ನನಗೂ ಬಿಟ್ಟು ಇನ್ನಾರಿಗೂ ತಿಳಿಯುವುದಿಲ್ಲ. ಇನ್ನೊಂದು ಮಾತು: ಕೂರುತ್ತದೆಯೇ ಎಂದು ಮತ್ತೆ ಮತ್ತೆ ಪೂರ್ತಿ ಜೋಡಿಸಿ ಬಿಚ್ಚಬೇಡಿ. ಪ್ರತಿ ಸಲವೂ ಎಳೆಗಳು ನಲುಗುತ್ತವೆ. ಅರ್ಧ ಇಳಿದರೆ ಸಾಕು, ಮಿಕ್ಕದ್ದು ಅಂಟಿನ ದಿನಕ್ಕೆ.

ಪ್ರಶ್ನೆ: ನಮ್ಮ ಕಟ್ಟಡದ ಬಡಗಿ, ‘ಫೆವಿಕಾಲ್ ಹಚ್ಚಿ ನಾಲ್ಕು ಮೊಳೆ ಹೊಡೆದರೆ ಸಾಯುವವರೆಗೆ ಬಿಡುವುದಿಲ್ಲ, ಇದೆಲ್ಲ ಯಾಕೆ’ ಎಂದು ನಗುತ್ತಾನೆ.
— ಬೊರಿವಲಿ

ಪ್ಲೈವುಡ್ಡಿಗೆ ಅವನು ಹೇಳುವುದು ಸರಿ. ಇಡೀ ಮರದಿಂದ ಕೊಯ್ದ ಹಲಗೆಗೆ ಅಲ್ಲ. ಹಲಗೆಯ ಕೊಯ್ದ ತುದಿಮುಖ ಅಂಟನ್ನು ಹೀರಿಕೊಂಡುಬಿಡುತ್ತದೆ, ಅಲ್ಲಿ ಹಿಡಿತ ಕಡಿಮೆ. ಡವ್‌ಟೇಲ್‌ನಲ್ಲಿ ಬಾಲದ ಮಗ್ಗುಲೂ ಗೂಟದ ಮಗ್ಗುಲೂ ಎಳೆಯುದ್ದಕ್ಕೆ ಮುಖಾಮುಖಿಯಾಗುತ್ತವೆ. ಅಂಟು ನಿಜವಾಗಿ ಹಿಡಿಯುವುದು ಅಲ್ಲಿ. ಅಂಟೇ ಬಿಟ್ಟರೂ ಓರೆಯಿಂದಾಗಿ ಒಂದು ದಿಕ್ಕಿಗೆ ಹಲಗೆ ಕಳಚಿ ಬರುವುದಿಲ್ಲ. ಫೆವಿಕಾಲ್ ಬಂದದ್ದು 1959ರಲ್ಲಿ, ಅದಕ್ಕೆ ಮುಂಚಿನವರು ಚರ್ಮ, ಮೂಳೆ ಬೇಯಿಸಿ ತೆಗೆದ ಮರವಜ್ರದಲ್ಲೇ ಕೆಲಸ ಮಾಡಿದರು. ಮಳೆಗಾಲದ ತೇವಕ್ಕೆ ಆ ಅಂಟು ಸಡಿಲಾಗುತ್ತಿತ್ತು, ಆದ್ದರಿಂದ ಅವರು ಜೋಡಣೆಯನ್ನು ನಂಬಿದರು. ಬಡಗಿಯ ಜೊತೆ ಜಗಳ ಬೇಡ. ಒಂದು ಮೂಲೆ ಕೊರೆದು ಕೈಗೆ ಕೊಡಿ, ಎಳೆದು ನೋಡಲಿ.

ಪ್ರಶ್ನೆ: ಪುಣೆಯ ಪೇಠೆಯಲ್ಲಿ ಕೆಡವಿದ ಹಳೆಯ ವಾಡೆಯೊಂದರ ಸಾಗುವಾನಿ ತೊಲೆಯ ತುಂಡು ಸಿಕ್ಕಿದೆ. ಊರಿನ ಮನೆಯ ಬೀಟೆ ಹಲಗೆಯೂ ಒಂದಿದೆ. ಷಿಕಾಗೋದಲ್ಲಿರುವ ಮಗಳಿಗೆ ಒಡವೆ ಪೆಟ್ಟಿಗೆ ಮಾಡಿ ಕಳುಹಿಸಬೇಕು. ಯಾವುದು ಒಳ್ಳೆಯದು?
— ಕೊಥ್ರೂಡ್, ಪುಣೆ

ವಾಡೆಯ ಸಾಗುವಾನಿ. ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ಟಿನಲ್ಲಿ ಹೊಸ ಹಲಗೆ ತಂದರೂ ಇಷ್ಟು ಒಣಗಿದ ಮರ ಸಿಗುವುದು ಕಷ್ಟ. ಆದರೆ ಗರಗಸ ಹಚ್ಚುವ ಮುಂಚೆ ಬಲವಾದ ಅಯಸ್ಕಾಂತವನ್ನು ಮೈಮೇಲೆಲ್ಲ ಆಡಿಸಿ, ತಲೆ ಮುರಿದ ಹಳೆಯ ಮೊಳೆಗಳು ಒಳಗೆ ಅವಿತಿರುತ್ತವೆ. ಸೀಳಿದ ಮೇಲೆ ಹಲಗೆಗಳ ನಡುವೆ ಪಟ್ಟಿ ಇಟ್ಟು ಪೇರಿಸಿ ಎರಡು ಮೂರು ವಾರ ಬಿಡಿ. ತೊಲೆಯಾಗಿದ್ದಾಗ ಬಿಗಿ ಹಿಡಿದಿದ್ದ ಮರ ಸೀಳಿದಾಗ ಮೈ ಮುರಿಯುತ್ತದೆ, ಅದರ ತಿರುಚು ಮುಗಿದ ಮೇಲೆ ಹತ್ತರಿ ಹಾಕಿ. ಸಾಗುವಾನಿ ಎಣ್ಣೆಯ ಮರ, ಆದ್ದರಿಂದ ಅಂಟು ಹಚ್ಚುವ ಸ್ವಲ್ಪ ಮುಂಚೆ ಜೋಡಣೆಯ ಮುಖಗಳನ್ನು ಅಸಿಟೋನ್ ಅದ್ದಿದ ಬಟ್ಟೆಯಿಂದ ಒರೆಸಿ.

ಬೀಟೆ ಚೆಂದವೇ. ಆದರೆ ಆ ಕುಲದ ಮರಗಳು 2017ರಿಂದ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದವಾದ ಸೈಟೀಸ್‌ನ ಎರಡನೆಯ ಪಟ್ಟಿಯಲ್ಲಿವೆ. ಗಡಿ ದಾಟಿಸುವಾಗ ಕಾಗದಪತ್ರದ ಪ್ರಶ್ನೆ ಬರಬಹುದು. ಮಗಳು ಒಡವೆ ಇಡುವ ಮುಂಚೆ ಕಸ್ಟಮ್ಸ್‌ನವರಿಗೆ ವಿವರಣೆ ಬರೆಯುತ್ತ ಕೂರುವುದೇಕೆ? ಅದನ್ನು ಇಲ್ಲೇ, ಪೂಜೆಯ ಪೆಟ್ಟಿಗೆಗೆ ಇಟ್ಟುಕೊಳ್ಳಿ. ಅದರ ಪುಡಿ ಕೆಲವರಿಗೆ ಉಸಿರಿಗೂ ಚರ್ಮಕ್ಕೂ ಆಗಿಬರುವುದಿಲ್ಲ, ಮುಖಕ್ಕೆ ಮಾಸ್ಕ್ ಇರಲಿ.

ಷಿಕಾಗೋದ ಚಳಿಗಾಲದಲ್ಲಿ ಹೀಟರ್ ಹಚ್ಚಿದ ಮನೆಯ ಗಾಳಿ ಪುಣೆಯ ಏಪ್ರಿಲ್‌ನಂತೆ ಒಣ. ಮಳೆಗಾಲದಲ್ಲಿ ಮಾಡಿ ಕಳುಹಿಸಿದರೆ ಪೆಟ್ಟಿಗೆ ಅಲ್ಲಿ ಕುಗ್ಗುತ್ತದೆ. ಫೆಬ್ರವರಿಯಿಂದ ಮೇ ನಡುವೆ ಮಾಡಿ. ತಳದ ಹಲಗೆಗೆ ಅಂಟು ಹಾಕಬೇಡಿ, ಗಾಡಿಯಲ್ಲಿ, ಅಂದರೆ ಗೋಡೆಗಳ ಒಳಮುಖದಲ್ಲಿ ತೋಡಿದ ಉದ್ದನೆಯ ಕಾಲುವೆಯಲ್ಲಿ, ಸಡಿಲವಾಗಿ ಕೂತು ಹಿಗ್ಗಲಿ, ಕುಗ್ಗಲಿ.

ಪ್ರಶ್ನೆ: ತಳದ ಹಲಗೆ ಕೂರಿಸಲು ಗಾಡಿ ಕೊರೆದೆ. ಪೆಟ್ಟಿಗೆ ಜೋಡಿಸಿದ ಮೇಲೆ ಮೂಲೆಗಳಲ್ಲಿ ಇಲಿಯ ಬಿಲದ ಹಾಗೆ ಚೌಕ ತೂತು ಕಾಣುತ್ತಿದೆ.
— ಮೀರಾ ರೋಡ್

ಗಾಡಿಯನ್ನು ಬಾಲದ ಹಲಗೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಿಸಿದ್ದೀರಿ. ಗಾಡಿ ಒಂದು ಬಾಲದ ಮೇಲೆ ಹಾದುಹೋಗುವಂತೆ ಗುರುತು ಹಾಕಿಕೊಳ್ಳಿ. ಆಗ ಗೂಟದ ಹಲಗೆಯಲ್ಲಿ ಪೂರ್ತಿ ಓಡಿಸಬಹುದು, ತುದಿಯಲ್ಲಿ ಹೇಗೂ ಬಾಲ ಬಂದು ಕೂರುವ ಖಾಲಿ ಜಾಗವಿದೆ. ಬಾಲದ ಹಲಗೆಯಲ್ಲಿ ಬುಡದ ಗೆರೆ ದಾಟಿ ಗಾಡಿಯ ಆಳದಷ್ಟು, 4 ಮಿಲಿಮೀಟರ್ ಇದ್ದರೆ 4, ಹೋಗಿ ನಿಲ್ಲಿಸಿ. ಕೊನೆಯನ್ನು ಉಳಿಯಿಂದ ಕೆತ್ತಬೇಕು, ಯಂತ್ರ ಓಡಿಸಬಾರದು. ಈಗ ಆಗಿರುವುದಕ್ಕೆ ಅದೇ ಮರದ ಸಣ್ಣ ಚೌಕ ಚೂರು ತೂರಿಸಿ ಅಂಟಿಸಿ.

ಪ್ರಶ್ನೆ: ಮಾರ್ಚ್‌ನಲ್ಲಿ ಬೆಳಗಾವಿಯಿಂದ ಹಲಗೆ ತಂದು ಮಾಡಿದ ಪೆಟ್ಟಿಗೆ. ಮುಚ್ಚಳ ನಾಲ್ಕು ಗೋಡೆಗಳ ಒಳಗೆ ಕೂರುವಂಥದ್ದು, 22 ಸೆಂಟಿಮೀಟರ್ ಅಗಲ. ಜುಲೈ ಬಂತು, ಈಗ ತೆರೆಯುವುದೇ ಇಲ್ಲ. ಹತ್ತರಿ ಹಾಕಿ ಅಂಚು ತೆಗೆಯಲೇ?
— ವಾಸ್ಕೊ, ಗೋವಾ

ಈಗ ಬೇಡ. ಈ ವಿಷಯದಲ್ಲಿ ನಾನು ಮಾತಾಡಲು ಹಕ್ಕುಳ್ಳವನು. ಮುಂಬಯಿಗೆ ಬಂದ ಹೊಸದರಲ್ಲಿ ಮಾಟುಂಗಾದ ಮನೆಯೊಂದಕ್ಕೆ ಮದುವೆಯ ಒಡವೆ ಪೆಟ್ಟಿಗೆ ಮಾಡಿಕೊಟ್ಟಿದ್ದೆ. ಮೇ ತಿಂಗಳು, ಮುಚ್ಚಳ ಒಳಗೆ ಕೂರುವುದೇ, ಕಾಗದ ತೂರದಷ್ಟು ಬಿಗಿ, ಅದೇ ನನ್ನ ಹೆಮ್ಮೆ. ಜುಲೈಯಲ್ಲಿ ಆ ಮನೆಯ ಅಜ್ಜಿಯ ಫೋನ್: ‘ನೀನು ಬೀಗ ಹಾಕಿಕೊಡದಿದ್ದದ್ದು ಒಳ್ಳೆಯದಾಯಿತಪ್ಪ, ಪೆಟ್ಟಿಗೆ ತಾನೇ ಹಾಕಿಕೊಂಡಿದೆ.’ ಒಡವೆ ಒಳಗೆ, ಶ್ರಾವಣದ ಪೂಜೆ ಹೊರಗೆ. ಹೋಗಿ ಹಿಂಬದಿಯ ಹಿಂಜು ಬಿಚ್ಚಿ ತೆಗೆಯಬೇಕಾಯಿತು.

ಮರ ಎಳೆಯುದ್ದಕ್ಕೆ ಲೆಕ್ಕಕ್ಕಿಲ್ಲದಷ್ಟು, ಅಡ್ಡಕ್ಕೆ ಚೆನ್ನಾಗಿಯೇ ಹಿಗ್ಗುತ್ತದೆ. ಬೇಸಿಗೆಗೂ ಮಳೆಗಾಲಕ್ಕೂ ಮರದ ತೇವದಲ್ಲಿ ಶೇಕಡಾ 4ರ ವ್ಯತ್ಯಾಸ ಬಂದರೆ 22 ಸೆಂಟಿಮೀಟರಿನ ಸಾಗುವಾನಿ ಹಲಗೆ ಸುಮಾರು ಒಂದೂವರೆ ಮಿಲಿಮೀಟರ್ ಅಗಲವಾಗುತ್ತದೆ. ಸಮುದ್ರದ ಪಕ್ಕದ ವಾಸ್ಕೊದಲ್ಲಿ ಇದೇನೂ ಹೆಚ್ಚಲ್ಲ. ಪೆಟ್ಟಿಗೆಯ ನಾಲ್ಕು ಗೋಡೆಗಳ ಎಳೆ ಸುತ್ತಲೂ ಅಡ್ಡಡ್ಡ ಹೋಗುವುದರಿಂದ ಅವು ಎತ್ತರಕ್ಕೆ ಒಟ್ಟಿಗೆ ಹಿಗ್ಗುತ್ತವೆ, ಅಲ್ಲಿ ಜಗಳವಿಲ್ಲ. ಮುಚ್ಚಳದ ಅಗಲಕ್ಕೆ ಮಾತ್ರ ಎದುರು ಗೋಡೆ ಜಾಗ ಬಿಡುವುದಿಲ್ಲ.

ಈಗ ಅಂಚು ಹೊಡೆದರೆ ಜನವರಿಯಲ್ಲಿ ಎದುರು ಬದಿಯಲ್ಲಿ ಸಂದು ಬಾಯಿ ಬಿಡುತ್ತದೆ. ಒಳಗೆ ಬೇಕಾದ ವಸ್ತು ಇಲ್ಲದಿದ್ದರೆ ದೀಪಾವಳಿ ಕಳೆಯುವವರೆಗೆ ಕಾಯಿರಿ, ತಾನೇ ಬಿಡುತ್ತದೆ. ಆಮೇಲೆ ಮುಂದಿನ ಅಂಚಿನಿಂದ ಎರಡು ಮಿಲಿಮೀಟರ್ ತೆಗೆದು, ಆ ಸಂದು ಉದ್ದೇಶಪೂರ್ವಕ ಎಂದು ತೋರುವಂತೆ ಅಂಚನ್ನು ಸ್ವಲ್ಪ ಓರೆ ಮಾಡಿ. ಮುಚ್ಚಳದ ಅಡಿಗೆ ಅಡ್ಡಪಟ್ಟಿ ಅಂಟಿಸಿದ್ದೇನೆ ಎಂದಿದ್ದೀರಿ. ಅದನ್ನು ತೆಗೆದು, ತೂತನ್ನು ಉದ್ದನೆ ಮಾಡಿ ಸ್ಕ್ರೂನಿಂದ ಕೂರಿಸಿ, ಇಲ್ಲವಾದರೆ ಮುಂದಿನ ಬೇಸಿಗೆಗೆ ಮುಚ್ಚಳವೇ ಸೀಳುತ್ತದೆ. ಹೊರಗೆ ಎಷ್ಟು ಕೈ ಪಾಲಿಶ್ ಹೊಡೆದಿರೋ ಒಳಗೂ ಅಷ್ಟೇ ಹೊಡೆಯಿರಿ. ಮುಂದಿನ ಪೆಟ್ಟಿಗೆಗೆ, ಗೋಡೆಗಳ ಮೇಲೆ ಕೂತು ಅಂಚು ಹೊರಚಾಚುವ ಮುಚ್ಚಳ ಮಾಡಿ. ಕೊಂಕಣ ತೀರಕ್ಕೆ ಅದೇ ಸರಿ ಎಂದು ನನ್ನ ಅಭಿಪ್ರಾಯ.

ಪ್ರಶ್ನೆ: ಒಳಗೆ ಅಗಸೆ ಎಣ್ಣೆ ಹಚ್ಚಿದ್ದೆ. ಎರಡು ತಿಂಗಳಾದರೂ ಮುಚ್ಚಳ ತೆಗೆದರೆ ಕಮಟು ವಾಸನೆ, ರೇಷ್ಮೆ ಸೀರೆಗೂ ಅಂಟಿದೆ.
— ಮುಲುಂಡ್

ಮುಚ್ಚಿದ ಪೆಟ್ಟಿಗೆಯೊಳಗೆ ಎಣ್ಣೆಗೆ ಗಾಳಿ ಸಾಲದು, ವಾಸನೆ ಹೋಗುವುದಿಲ್ಲ. ಸ್ಪಿರಿಟ್ಟಿನಲ್ಲಿ ಒರೆಸಿ, ಒಂದು ವಾರ ತೆರೆದಿಟ್ಟು, ಒಳಭಾಗಕ್ಕೆ ಅರಗಿನ ಚಕ್ಕೆಯನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದ ಪಾಲಿಶನ್ನು ತೆಳ್ಳಗೆ ಮೂರು ಕೈ ಹಚ್ಚಿ. ಗಂಟೆಯೊಳಗೆ ಒಣಗುತ್ತದೆ, ಒಣಗಿದ ಮೇಲೆ ವಾಸನೆಯಿಲ್ಲ. ಮಳೆ ಸುರಿಯುವ ದಿನ ಹಚ್ಚಬೇಡಿ, ತೇವಕ್ಕೆ ಬೂದಿ ಬಡಿದಂತೆ ಬಿಳಿಚುತ್ತದೆ. ಸೀರೆಯನ್ನು ನೆರಳಲ್ಲಿ ಗಾಳಿಗೆ ಹಾಕಿ.

ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಏನು ಮಾಡಿದಿರಿ? ಮುದ್ದೆ ಮಾಡಿ ಕಸದ ಬುಟ್ಟಿಗೆ ಹಾಕಿದರೆ ಅದು ತಾನಾಗಿಯೇ ಬಿಸಿಯೇರಿ ಬೆಂಕಿ ಹೊತ್ತಿಕೊಳ್ಳುವುದುಂಟು, ಕಡ್ಡಿ ಗೀರಬೇಕಾಗಿಲ್ಲ. ಬಾಲ್ಕನಿಯ ತಂತಿಯ ಮೇಲೆ ಬಿಡಿಬಿಡಿಯಾಗಿ ಹರಡಿ, ರೊಟ್ಟಿಯಂತೆ ಗಡುಸಾದ ಮೇಲೆ ಎಸೆಯಿರಿ. ಜಾಗವಿಲ್ಲದಿದ್ದರೆ ನೀರು ತುಂಬಿದ ಹಳೆಯ ಡಬ್ಬಿಯಲ್ಲಿ ಮುಳುಗಿಸಿಡಿ.