ಆರೋಗ್ಯ ಫಾರ್ಮ್‌ನಲ್ಲಿ ಬರೆದ ‘ಇಲ್ಲ’

ಸಿಲಿಂಡರ್ ಗಾಳಿ ಉಸಿರಾಡುತ್ತ ನೀರಿನಾಳಕ್ಕಿಳಿಯುವ ಸ್ಕೂಬಾ ಡೈವಿಂಗ್‌ಗೆ ಮುನ್ನ ತುಂಬುವ ಆರೋಗ್ಯ ಫಾರ್ಮ್‌ನಲ್ಲಿ ಸುಳ್ಳು ಬರೆದವರು ಆಪ್ತಸಮಾಲೋಚಕಿಯಾದ ನನ್ನ ಬಳಿ ಆಗಾಗ ಬರುತ್ತಾರೆ. ಕೆಲವರು ಉಬ್ಬಸ ಮುಚ್ಚಿಟ್ಟಿರುತ್ತಾರೆ, ಕೆಲವರು ಬಿಪಿ ಮಾತ್ರೆ. ಆ ಸುಳ್ಳಿಗಾಗಿಯೇ ಯಾರೂ ಬರುವುದಿಲ್ಲ. ನಿದ್ದೆಯಿಲ್ಲ, ಕೆಲಸದ ಒತ್ತಡ ಎನ್ನುತ್ತ ಬರುತ್ತಾರೆ. ಮಾತಿನ ನಡುವೆ ಅದು ಹೊರಬೀಳುತ್ತದೆ. ಈ ಮಹಿಳೆಯದೂ ಹಾಗೇ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ವಯಸ್ಸು ನಲವತ್ತರ ಆಸುಪಾಸು. ತಾಯಿ ತೀರಿಕೊಂಡ ಮೇಲೆ ಏಕಾಏಕಿ ವಿಪರೀತ ಗಾಬರಿ ಬೀಳುವ ಪ್ಯಾನಿಕ್ ಅಟ್ಯಾಕ್ ಶುರುವಾಗಿತ್ತು, ಮನೋವೈದ್ಯರ ಮಾತ್ರೆ ನಡೆಯುತ್ತಿತ್ತು. ಫಾರ್ಮ್‌ನಲ್ಲಿ ಎರಡಕ್ಕೂ ‘ಇಲ್ಲ’.

“ದಿನಾ ಓಡ್ತೀನಿ ಮೇಡಂ, ಫಿಟ್ ಆಗಿದ್ದೀನಿ. ನೀರೊಳಗೆ ಒಂದ್ಸಲಾನೂ ಹಾಗಾಗಿಲ್ಲ. ನಂಗೆ ನೆಮ್ಮದಿ ಸಿಗೋದೇ ಅಲ್ಲಿ.”

ನೆಮ್ಮದಿಯ ಮಾತನ್ನು ನಂಬಿದೆ. ಆದರೆ ಓಟದ ದಮ್ಮು ಇಲ್ಲಿ ಅರ್ಧ ಉತ್ತರ ಮಾತ್ರ. ನೆಲದ ಮೇಲೆ ಗಾಬರಿ ಬಂದರೆ ಒಂದು ಕಡೆ ಕೂತು ಕಾಯಬಹುದು, ಸಾಮಾನ್ಯವಾಗಿ ತಾನಾಗಿಯೇ ಇಳಿಯುತ್ತದೆ. 20 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಮೂರು ಪಟ್ಟು. ಪ್ರತಿ ಉಸಿರಿಗೂ ಸಿಲಿಂಡರ್‌ನಿಂದ ಮೂರು ಪಟ್ಟು ಗಾಳಿ ಖರ್ಚು. ಗಾಳಿ ದಟ್ಟವಾಗಿರುವುದರಿಂದ ಏದುಸಿರು ಬಿಡುವಾಗ ಇಂಗಾಲದ ಡೈಆಕ್ಸೈಡ್ ಪೂರ್ತಿ ಹೊರಹೋಗದೆ ಉಳಿದು ಗಾಬರಿಯನ್ನು ಇನ್ನೂ ಹೆಚ್ಚಿಸಬಹುದು. ಉಸಿರು ಬಿಗಿಹಿಡಿದು ಮೇಲಕ್ಕೆ ನುಗ್ಗಿದರೋ, ಎದೆಯೊಳಗಿನ ಗಾಳಿ ಹಿಗ್ಗುತ್ತದೆ, 10 ಮೀಟರ್‌ನಿಂದ ಮೇಲ್ಮೈಗೆ ಬರುವಷ್ಟರಲ್ಲಿ ಎರಡು ಪಟ್ಟು. ಶ್ವಾಸಕೋಶ ಹರಿದು ಗಾಳಿಗುಳ್ಳೆಗಳು ರಕ್ತದೊಂದಿಗೆ ಮೆದುಳು ಸೇರಬಹುದು.

ಇದೆಲ್ಲ ಆಕೆಗೆ ತರಬೇತಿಯಿಂದಲೇ ಗೊತ್ತಿತ್ತು. ನನಗಿಂತ ಚೆನ್ನಾಗಿ ವಿವರಿಸಿದರು ಕೂಡ. ಕೊನೆಗೆ, “ಹೋದ್ರೆ ನನ್ನ ಜೀವ ತಾನೇ?” ಎಂದರು.

“ಜೊತೇಲಿ ಇಳಿಯೋದು ಯಾರು?”

“ತಂಗಿ ಮಗ. ಈಗಷ್ಟೇ ಕೋರ್ಸ್ ಮುಗಿಸಿದಾನೆ.”

“ಅವನಿಗೆ ಗೊತ್ತಾ?”

“ಹೇಳಿದ್ರೆ ಹೆದರ್ತಾನೆ.”

“ಗಾಬರೀಲಿ ನೀವು ಅವನ ಬಾಯಲ್ಲಿರೋ, ಸಿಲಿಂಡರ್ ಗಾಳಿ ಕೊಡೋ ರೆಗ್ಯುಲೇಟರ್‌ಗೇ ಕೈ ಹಾಕಿದ್ರೆ?”

ಆಮೇಲೆ ಆಕೆ ಹೆಚ್ಚು ಮಾತಾಡಲಿಲ್ಲ. ಹೊರಡುವಾಗ “ನೀವು ಹೀಗೆ ಹೆದರಿಸಬಾರದಿತ್ತು” ಎಂದರು. ಸಹೋದ್ಯೋಗಿಯೊಬ್ಬರೂ ಅದನ್ನೇ ಅಂದರು: ಮೊದಲೇ ಗಾಬರಿ ಬೀಳುವವರ ಕಣ್ಣೆದುರು ಅಂಥ ದೃಶ್ಯ ಇಡುವುದೇ? ನಾನು ಒಪ್ಪುವುದಿಲ್ಲ. ಡೈವಿಂಗ್‌ನಲ್ಲಿ ಒಬ್ಬರ ಗಾಳಿ ಮುಗಿದರೆ ಜೊತೆಗಾರರ ಸಿಲಿಂಡರೇ ಗತಿ. ಹಾಗೆ ನಂಬಿ ಇಳಿದವನಿಂದ ಮುಚ್ಚಿಟ್ಟದ್ದು ಬರೀ ನಮ್ಮ ಸ್ವಂತ ವಿಷಯವಾಗಿ ಉಳಿಯುವುದಿಲ್ಲ.

ಡೈವಿಂಗ್ ಬಿಡಿ ಎಂದು ನಾನು ಹೇಳಲಿಲ್ಲ, ಅದನ್ನು ತೀರ್ಮಾನಿಸುವುದು ನನ್ನ ಕೆಲಸವಲ್ಲ. ಫಾರ್ಮ್‌ನಲ್ಲಿ ‘ಹೌದು’ ಎಂದರೆ ಬಾಗಿಲು ಮುಚ್ಚಿತೆಂದಲ್ಲ, ವೈದ್ಯರು ಒಮ್ಮೆ ನೋಡಲಿ ಎಂದಷ್ಟೇ. ಡೈವಿಂಗ್ ಆರೋಗ್ಯ ಬಲ್ಲ ವೈದ್ಯರನ್ನು ಕಾಣಿ, ಅವರು ಬರೆದುಕೊಡುವ ತನಕ ನೀರಿಗಿಳಿಯಬೇಡಿ, ಹುಡುಗನಿಗೆ ನೀವೇ ತಿಳಿಸಿ ಎಂದೆ. ಒತ್ತಿ ಹೇಳಿದ್ದು ಇನ್ನೊಂದು: ‘ಇಲ್ಲ’ ಎಂಬುದನ್ನು ನಿಜ ಮಾಡಲು ಮಾತ್ರೆ ಬಿಡಬೇಡಿ. ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ತಳಮಳ ಕಾಡಬಹುದು, ಹಳೆಯ ಗಾಬರಿಯೂ ಮರುಕಳಿಸಬಹುದು. ಉಬ್ಬಸ, ಬಿಪಿಯ ಔಷಧಿ ತೆಗೆದುಕೊಳ್ಳುವವರೂ ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಬಾರದು.

ಆಕೆ ಪ್ರವಾಸ ಮುಂದೂಡಿದರು. ನನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಹುಡುಗ ಹೆದರಲಿಲ್ಲವಂತೆ. “ದೊಡ್ಡಮ್ಮ, ನಂಗೂ ಚಿಕ್ಕವನಿದ್ದಾಗಿಂದ ಉಬ್ಬಸ ಇದೆ, ನಾನೂ ಬರೆದಿಲ್ಲ” ಎಂದನಂತೆ. ಈಗ ಇಬ್ಬರೂ ಒಟ್ಟಿಗೆ ವೈದ್ಯರ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದಾರೆ.