ಒದ್ದೆಯಾದ ಫೈಲು

ಮಾನ್ಯರೆ,

‘ಬರೆಯಲು ಪುರುಸೊತ್ತಿಲ್ಲದವರು’ ಎಂಬ ನಿಮ್ಮ ಪ್ರಬಂಧ ತಲುಪಿತು. ಅಂಕೋಲೆಯಲ್ಲಿ ಮನೆ, ಕಾರವಾರದಲ್ಲಿ ಕಚೇರಿ, ಇಬ್ಬರು ಮಕ್ಕಳು, ಹಾಸಿಗೆ ಹಿಡಿದ ಅತ್ತೆ; ಇವುಗಳ ನಡುವೆ ಹತ್ತು ವರ್ಷಗಳಿಂದ ಬರೆಯಬೇಕೆಂದುಕೊಂಡು ಬರೆಯಲಾಗದೆ ಹೋದದ್ದನ್ನು ಎಂಟು ಪುಟಗಳಲ್ಲಿ ಹೇಳಿದ್ದೀರಿ. ಭಾಷೆ ಶುದ್ಧವಾಗಿದೆ, ಅಕ್ಷರ ದುಂಡಾಗಿದೆ, ಕಾಗುಣಿತದ ತಪ್ಪು ಒಂದೂ ಇಲ್ಲ. ಇನ್ನು ನನಗೆ ಸಿಟ್ಟು ತರಿಸಿದ ವಿಷಯಕ್ಕೆ ಬರುತ್ತೇನೆ.

ನಿಮ್ಮ ಮೊದಲ ವಾಕ್ಯ: ‘ಕಾಲವೆಂಬ ಮಹಾಪ್ರವಾಹದಲ್ಲಿ ತೃಣದಂತೆ ಕೊಚ್ಚಿಹೋಗುತ್ತಿರುವ ನಾನು ಬರವಣಿಗೆಯೆಂಬ ಹಣತೆಯನ್ನು ಹೇಗೆ ಹಚ್ಚಲಿ?’ ಹೊಳೆಯಲ್ಲಿ ಕೊಚ್ಚಿಹೋಗುತ್ತಿರುವವರು ಹಣತೆಯ ಯೋಚನೆ ಮಾಡುವುದಿಲ್ಲ, ದಡದ ಬೇರನ್ನೋ ಬಳ್ಳಿಯನ್ನೋ ಹುಡುಕುತ್ತಾರೆ. ಎರಡನೆಯದು: ‘ಗಡಿಯಾರದ ಮುಳ್ಳುಗಳು ನನ್ನನ್ನು ಚುಚ್ಚುತ್ತವೆ.’ ಈ ಮುಳ್ಳುಗಳು ನನ್ನ ಮೇಜಿನ ಮೇಲೆ ಈಗಾಗಲೇ ಎಷ್ಟು ಜನರನ್ನು ಚುಚ್ಚಿವೆಯೋ, ನಾನು ಲೆಕ್ಕವಿಡುವುದನ್ನು ಬಿಟ್ಟಿದ್ದೇನೆ. ಮೂರನೆಯದು: ‘ದಿನವೂ ಎರಡು ಗಂಟೆ ಬಸ್ಸಿನಲ್ಲಿ ವ್ಯರ್ಥವಾಗುತ್ತದೆ.’ ಇಲ್ಲಿ ನಾನು ಹಾಳೆಯನ್ನು ಕೆಳಗಿಟ್ಟು ಎದ್ದುಹೋದೆ. ಅವರ್ಸಾ, ಹಾರವಾಡ, ಅಮದಳ್ಳಿ, ಅರ್ಗಾ, ಬಿಣಗಾ. ಒಮ್ಮೆ ಗುಡ್ಡ, ಒಮ್ಮೆ ಸಮುದ್ರ, ನಡುವೆ ನೌಕಾನೆಲೆಯ ಮುಗಿಯದ ಗೋಡೆ. ಸುಮಾರು 35 ಕಿಲೋಮೀಟರಿನ ಈ ದಾರಿಯನ್ನು ದಿನಕ್ಕೆರಡು ಬಾರಿ, ಹತ್ತು ವರ್ಷ ಕಂಡವರಿಗೆ ಅದರ ಬಗ್ಗೆ ಹೇಳಲು ಸಿಕ್ಕಿದ್ದು ‘ವ್ಯರ್ಥ’ ಎಂಬ ಒಂದೇ ಪದವೇ?

ಇನ್ನು ಎರಡನೆಯ ಪುಟದ ರವೀಂದ್ರನಾಥ ಟಾಗೋರರು. 1883ರಲ್ಲಿ ಅವರು ಇದೇ ಕಾರವಾರದ ಕಡಲ ತಡಿಯಲ್ಲಿ ಕುಳಿತು ನಾಟಕ ಬರೆದರು, ಅದೇ ಊರಿನಲ್ಲಿ ದುಡಿಯುವ ನನಗೆ ಒಂದು ಪುಟ ಬರೆಯಲಾಗುತ್ತಿಲ್ಲ ಎಂದು ಮರುಗಿದ್ದೀರಿ. ಈ ಹೋಲಿಕೆ ಮೊದಲೇ ತಪ್ಪು. ಆಗ ಅವರಿಗೆ ಇಪ್ಪತ್ತೆರಡರ ಆಸುಪಾಸು. ಅಣ್ಣನ ಮನೆಗೆ ಬಂದ ಅತಿಥಿ. ಒಲೆಯ ಮೇಲೆ ಅನ್ನಕ್ಕಿಟ್ಟು ಬಂದವರಲ್ಲ. ನಿಮಗೆ ಹೋಲಿಸಿಕೊಳ್ಳಲೇಬೇಕೆಂದಿದ್ದರೆ ಆ ಅಣ್ಣ ಸತ್ಯೇಂದ್ರನಾಥರಿದ್ದಾರೆ. ಜಿಲ್ಲಾ ನ್ಯಾಯಾಧೀಶರಾಗಿ ಕೋರ್ಟಿಗೆ ಹೋಗಬೇಕಾದವರು, ಹಾಡುಗಳನ್ನೂ ಬರೆದವರು. ಅವರನ್ನು ನೆನೆದು ಯಾರೂ ಮರುಗುವುದಿಲ್ಲ, ನೀವೂ ಮರುಗಿಲ್ಲ.

ಇಷ್ಟು ಹೊತ್ತಿಗೆ ನಿಮ್ಮ ಬರಹವನ್ನು ಲಕೋಟೆಗೆ ಹಾಕಿಬಿಡುತ್ತಿದ್ದೆ, ಮೂರನೆಯ ಪುಟದಲ್ಲಿ ಈ ವಾಕ್ಯ ಇರದಿದ್ದರೆ: ‘ಹಾರವಾಡದಲ್ಲಿ ಹತ್ತಿದ ಮೀನಿನವಳ ಬುಟ್ಟಿಯಿಂದ ಸೋರಿದ ನೀರು ನನ್ನ ಫೈಲಿಗೆ ತಾಗಿತು, ಆಕೆ ಗಾಬರಿಯಿಂದ ತನ್ನ ಸೆರಗಿನಲ್ಲಿ ಒರೆಸಿದಳು, ಸೆರಗು ಮೊದಲೇ ಒದ್ದೆಯಿದ್ದುದರಿಂದ ಫೈಲು ಇನ್ನಷ್ಟು ಒದ್ದೆಯಾಯಿತು.’ ಇದನ್ನು ನಾನು ನಾಲ್ಕು ಸಲ ಓದಿದೆ. ಇದರಲ್ಲಿ ಪ್ರವಾಹವಿಲ್ಲ, ಹಣತೆಯಿಲ್ಲ, ಮುಳ್ಳೂ ಇಲ್ಲ. ಆದರೆ ಮರುವಾಕ್ಯದಲ್ಲೇ ‘ಹೀಗೆ ನನ್ನ ಅಮೂಲ್ಯ ಸಮಯ ಹಾಳಾಗುತ್ತದೆ’ ಎಂದು ಅವಳನ್ನು ಬಸ್ಸಿನಿಂದ ಇಳಿಸಿಬಿಟ್ಟಿದ್ದೀರಿ.

ನನಗೆ ಇದು ಇಷ್ಟು ನಾಟಲು ಕಾರಣವಿದೆ. 1986ರಲ್ಲಿ ನಾನು ಶಿರಸಿಯ ಒಂದು ಅಡಿಕೆ ವಖಾರಿಯಲ್ಲಿ ಗುಮಾಸ್ತನಾಗಿದ್ದೆ. ಬೆಳಿಗ್ಗೆಯಿಂದ ಚೀಲಗಳ ತೂಕ, ರಾಶಿಗಳ ನಂಬರು, ಮಧ್ಯಾಹ್ನ ಟೆಂಡರು, ಸಂಜೆ ಲೆಕ್ಕದ ಪಟ್ಟಿ. ಮನೆಗೆ ಬಂದರೆ ಅಂಗಿಯಲ್ಲೆಲ್ಲ ಅಡಿಕೆಯ ಧೂಳು. ‘ಪೇಟೆಯ ಗದ್ದಲ ನನ್ನ ಕವಿತೆಯನ್ನು ನುಂಗಿತು’ ಎಂದು ಒಂದು ಉದ್ದನೆಯ ಕವಿತೆ ಬರೆದು, ಅಂದು ಊರಿನಲ್ಲಿ ಪತ್ರಿಕೆ ನಡೆಸುತ್ತಿದ್ದ ಹಿರಿಯರೊಬ್ಬರ ಮುಂದಿಟ್ಟೆ. ಅವರು ಪೂರ್ತಿ ಓದಿ ಕೇಳಿದ್ದು ಇಷ್ಟೇ: ‘ಚಾಲಿಗೂ ಕೆಂಪಡಿಕೆಗೂ ಏನು ಫರಕು?’ ಹಣ್ಣಡಿಕೆಯನ್ನು ಒಣಗಿಸಿ ಸುಲಿದರೆ ಚಾಲಿ, ಹಸಿಯದನ್ನು ಸುಲಿದು ಬೇಯಿಸಿದರೆ ಕೆಂಪು ಎಂದು ನಾನು ಉತ್ಸಾಹದಿಂದ ವಿವರಿಸಿದೆ. ಕಣ್ಣು ಮುಚ್ಚಿ ಮುಟ್ಟಿದರೂ ಗೊತ್ತಾಗುತ್ತದೆ ಎಂದೂ ಕೊಚ್ಚಿಕೊಂಡೆ. ‘ಮತ್ತೆ ಇದರಲ್ಲಿ ಅಡಿಕೆಯೇ ಇಲ್ಲವಲ್ಲ ಮಾರಾಯ’ ಎಂದು ಹಾಳೆಯನ್ನು ನನ್ನತ್ತ ಸರಿಸಿದರು. ಅಂದು ರಾತ್ರಿ ಊಟ ಸೇರಲಿಲ್ಲ.

ವ್ಯಾಪಾರಿಗಳು ತಮ್ಮ ದರ ಬರೆದ ಚೀಟಿ ಹಾಕಿ ಮುಗಿಸಿದ ಮೇಲೆ ಟೆಂಡರು ತೆರೆಯುವವರೆಗೆ ಗುಮಾಸ್ತರಿಗೆ ಸ್ವಲ್ಪ ಬಿಡುವು. ಉಳಿದವರು ಚಹಾಕ್ಕೆ ಹೋಗುತ್ತಿದ್ದರು. ನಾನು ಹಳೆಯ ಚೀಟಿಗಳ ಹಿಂಬದಿಯಲ್ಲಿ ಮೂರು ಸಾಲು ಬರೆಯತೊಡಗಿದೆ. ಆ ದಿನ ಕಣ್ಣಿಗೆ ಬಿದ್ದದ್ದು ಮಾತ್ರ, ಅಭಿಪ್ರಾಯವಿಲ್ಲದೆ. ವರ್ಷದ ಕೊನೆಗೆ ಒಂದು ಬಿಸ್ಕಿಟ್ ಡಬ್ಬಿ ತುಂಬಿತು. ಅದರಲ್ಲಿ ಮುಕ್ಕಾಲು ಪಾಲು ಯಜಮಾನರ ಮೇಲಿನ ಗೊಣಗಾಟವೇ ಆಗಿತ್ತು (ಅಭಿಪ್ರಾಯ ಬೇಡವೆಂದರೆ ಬರದೇ ಇರುತ್ತದೆಯೇ), ಉಳಿದ ಕಾಲುಭಾಗದಿಂದ ನನ್ನ ಮೊದಲ ಕಥೆ ಹುಟ್ಟಿತು.

ನಿಮಗೆ ಸಮಯವಿದೆ ಎಂದು ನಾನು ವಾದಿಸುತ್ತಿಲ್ಲ. ನಿಜಕ್ಕೂ ಇಲ್ಲ, ಮತ್ತು ಅತ್ತೆಯ ಔಷಧದ ಹೊತ್ತನ್ನು ಕದ್ದು ಬರೆಯಿರಿ ಎಂದು ಹೇಳುವಷ್ಟು ಕಲ್ಲೆದೆ ನನ್ನದಲ್ಲ. ಓಲಾಡುವ ಬಸ್ಸಿನಲ್ಲಿ ಬರೆಯಲೂ ಬೇಡಿ, ಅಕ್ಷರ ಕೆಡುತ್ತದೆ. ಬಿಣಗಾ ದಾಟುವುದರೊಳಗೆ ಒಂದು ವಾಕ್ಯವನ್ನು ಮನಸ್ಸಿನಲ್ಲಿ ಕಟ್ಟಿಕೊಂಡು, ಕಚೇರಿಯಲ್ಲಿ ಕಂಪ್ಯೂಟರ್ ಆನ್ ಮಾಡುವ ಮೊದಲು ಅದನ್ನು ಕಾಗದಕ್ಕಿಳಿಸಿ. ಮೊಬೈಲಿಗಲ್ಲ, ಅದನ್ನು ತೆರೆದರೆ ಕಾದು ಕುಳಿತ ಸಂದೇಶಗಳು ನಿಮ್ಮ ವಾಕ್ಯವನ್ನು ತಿಂದುಹಾಕುತ್ತವೆ.

ಹಸ್ತಪ್ರತಿಯನ್ನು ಮರಳಿಸುತ್ತಿದ್ದೇನೆ. ಮೂರನೆಯ ಪುಟದ ಆ ಒಂದು ವಾಕ್ಯದ ಕೆಳಗೆ ಮಾತ್ರ ಪೆನ್ಸಿಲಿನ ಗೆರೆಯಿದೆ. ಹೊಸ ಬರಹ ಅಲ್ಲಿಂದಲೇ ಶುರುವಾಗಲಿ. ಆ ಹೆಂಗಸು ಎಲ್ಲಿ ಇಳಿದಳು, ಬುಟ್ಟಿಯಲ್ಲಿ ಇದ್ದದ್ದು ಬಂಗಡೆಯೋ ತಾರ್ಲೆಯೋ, ಮತ್ತು ಆ ಫೈಲನ್ನು ಸಾಹೇಬರ ಮೇಜಿನ ಮೇಲಿಟ್ಟಾಗ ಅವರು ಮೂಗು ಮುಚ್ಚಿಕೊಂಡರೇ?

ಇಂತಿ,
ಸಂಪಾದಕ