ರಗ್ಬಿ ಲೀಗ್‌ನಲ್ಲಿ ಹಾಫ್ ಜೋಡಿ ಬದಲಾದರೆ ಇಡೀ ತಂಡದ ದಾಳಿ ಯಾಕೆ ಬದಲಾಗುತ್ತದೆ?

ಚೆಂಡು ಎತ್ತ ಹೋಗಬೇಕು, ಯಾವಾಗ ಒದೆಯಬೇಕು ಎಂಬ ನಿರ್ಧಾರ ಹೆಚ್ಚಾಗಿ ಆ ಇಬ್ಬರದೇ, ಅದಕ್ಕೆ. 7ನೇ ಅಂಗಿಯ ಹಾಫ್‌ಬ್ಯಾಕ್, 6ನೇ ಅಂಗಿಯ ಫೈವ್-ಏಯ್ತ್: ಇವರೇ ಹಾಫ್‌ಗಳು.

ಆರು ಸಲ ಟ್ಯಾಕಲ್ ಆದರೆ, ಅಂದರೆ ಎದುರಾಳಿಗಳು ಹಿಡಿದು ನಿಲ್ಲಿಸಿದರೆ, ಚೆಂಡು ಕೈತಪ್ಪುತ್ತದೆ. ಮೊದಲ ಕೆಲವು ಸಲ ಫಾರ್ವರ್ಡ್‌ಗಳು, ಅಂದರೆ ತಂಡದ ದಢೂತಿ ಆಟಗಾರರು, ನುಗ್ಗಿ ಜಾಗ ಗಳಿಸುತ್ತಾರೆ. ಉಳಿದುದರಲ್ಲಿ ಏನು ಮಾಡಬೇಕೆಂದು ಹಾಫ್‌ಗಳು ಕೂಗಿ ಹೇಳಬೇಕು. ಇಬ್ಬರೂ ಒಟ್ಟಿಗೆ ಚೆಂಡು ಕೇಳಿದರೆ ಗೊಂದಲ, ಇಬ್ಬರೂ ಸುಮ್ಮನಿದ್ದರೆ ಅವಕಾಶ ಹಾಳು. ಹಾಗಾಗಿ ಹೊಸ ಜೋಡಿ ಮೊದಲು ಕೆಲಸ ಹಂಚಿಕೊಳ್ಳಬೇಕು. ಪಾಸ್ ಯಾವ ಕ್ಷಣಕ್ಕೆ ಬರುತ್ತದೆಂಬ ಅಂದಾಜು ಓಡಿಬರುವವರಿಗೂ ಹೊಸದಾಗಿ ಕೂರಬೇಕು. ನನ್ನ ಮಟ್ಟಿಗೆ ಹೆಚ್ಚು ಸಮಯ ಹಿಡಿಯುವುದು ಇದೇ.

ಉದಾಹರಣೆಗೆ, ಆಸ್ಟ್ರೇಲಿಯಾದ ಎನ್‌ಆರ್‌ಎಲ್ ರಗ್ಬಿ ಲೀಗ್ ಟೂರ್ನಿಯಲ್ಲಿ 2018ರಲ್ಲಿ ಮೆಲ್ಬರ್ನ್ ಸ್ಟಾರ್ಮ್ ತಂಡ ಬಿಟ್ಟು ಸಿಡ್ನಿ ರೂಸ್ಟರ್ಸ್ ಸೇರಿದ ಹಾಫ್‌ಬ್ಯಾಕ್ ಕೂಪರ್ ಕ್ರಾಂಕ್ ಆಟ ನಡೆಸುವ ಹೊಣೆ ಹೊತ್ತರು. ಜೊತೆಗಾರ ಲ್ಯೂಕ್ ಕಿಯರಿಗೆ ಓಡಿ ರಕ್ಷಣೆ ಸೀಳುವ ಸ್ವಾತಂತ್ರ್ಯ ಸಿಕ್ಕಿತು. ಆ ವರ್ಷದ ಫೈನಲ್‌ಗೆ ಭುಜದ ಮೂಳೆ ಮುರಿದುಕೊಂಡೇ ಇಳಿದ ಕ್ರಾಂಕ್ ಚೆಂಡು ಮುಟ್ಟಿದ್ದು ಅಪರೂಪ, ಬಾಯಲ್ಲೇ ಆಟ ಆಡಿಸಿದರು. ರೂಸ್ಟರ್ಸ್ ಸ್ಟಾರ್ಮ್ ತಂಡವನ್ನೇ 21–6ರಿಂದ ಸೋಲಿಸಿತು, ಕಿಯರಿ ಪಂದ್ಯಶ್ರೇಷ್ಠರಾದರು.